ಸಮುದ್ರವಿಲ್ಲದ ಊರಿನ ಎರಡು ಯುದ್ಧನೌಕೆಗಳು: ಐಎನ್‌ಎಸ್ ಮೈಸೂರು

ಮೈಸೂರಿಗೆ ಸಮುದ್ರ ಇಲ್ಲ, ಇರೋದು ಕುಕ್ಕರಹಳ್ಳಿ ಕೆರೆ. ಆದರೂ ಈ ಊರಿನ ಹೆಸರು ಹೊತ್ತ ಯುದ್ಧನೌಕೆ ಒಂದಲ್ಲ, ಎರಡು. ಎರಡನ್ನೂ ಫ್ರಿಗೇಟ್ ಅಂತ ಕರೆಯುವವರಿದ್ದಾರೆ. ಅದು ತಪ್ಪು: ಮೊದಲನೆಯದು ಕ್ರೂಸರ್, ಈಗಿನದು ಡೆಸ್ಟ್ರಾಯರ್. ಫ್ರಿಗೇಟ್ ಸಾಮಾನ್ಯವಾಗಿ ಇವಕ್ಕಿಂತ ಚಿಕ್ಕದು.

ಮೊದಲ ಹಡಗಿನ ಮೂಲ ಹೆಸರು ಎಚ್‌ಎಂಎಸ್ ನೈಜೀರಿಯಾ. ಬ್ರಿಟನ್ನಿನ ‘ಕ್ರೌನ್ ಕಾಲೊನಿ’ ವರ್ಗದ ಕ್ರೂಸರ್, ಅಂದರೆ ಕೀನ್ಯಾ, ಜಮೈಕಾ, ಸಿಲೋನ್ ಅಂತ ತಮ್ಮ ವಸಾಹತುಗಳ ಹೆಸರನ್ನೇ ಸಾಲಾಗಿ ಇಟ್ಟುಕೊಂಡು ಹೋದ ಹಡಗುಗಳಲ್ಲೊಂದು. 1939ರಲ್ಲಿ ನೀರಿಗಿಳಿದು 1940ರಲ್ಲಿ ಸೇವೆಗೆ ಸೇರಿತು. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸರಕು ಸಾಗಿಸುವ ಹಡಗುಗಳಿಗೆ ಕಾವಲಾಗಿ ಹೋದಾಗ ಇಟಲಿಯ ಆಕ್ಸಮ್ ಸಬ್‌ಮರೀನ್ ಟಾರ್ಪಿಡೊ ಬಿಟ್ಟಿತು. 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ.

1954ರಲ್ಲಿ ಭಾರತ ಇದನ್ನು 3 ಲಕ್ಷ ಪೌಂಡಿಗೆ ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ರಿಪೇರಿಯಾಗಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಯಿತು. ನೈಜೀರಿಯಾ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು 1960ರಲ್ಲಿ. ಅಂದರೆ ದೇಶಕ್ಕಿಂತ ಮೂರು ವರ್ಷ ಮೊದಲೇ ಹಡಗಿಗೆ ಬಿಡುಗಡೆ!

ಆಗ ‘ಮೈಸೂರು’ ಅಂದರೆ ಬರೀ ಊರಲ್ಲ, 1956ರ ಏಕೀಕರಣದ ನಂತರದ ಇಡೀ ರಾಜ್ಯ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು, ಹಡಗಿನ ಹೆಸರು ಹಾಗೇ ಉಳಿಯಿತು.

ಅದರ ಕನ್ನಡ ನೆಲದ ನಂಟು ಮಾತ್ರ ಹೆಸರಿಗಷ್ಟೇ ಸೀಮಿತ ಅಲ್ಲ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಭಾಗವಾಗಿ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ನುಗ್ಗಿದ್ದು ಅಂಜದೀವ್ ದ್ವೀಪಕ್ಕೆ. ಅದು ಗೋವಾಕ್ಕೆ ಸೇರಿದ್ದು, ಆದರೆ ಇರೋದು ನಮ್ಮ ಕಾರವಾರದ ಕಣ್ಣಳತೆಯಲ್ಲಿ. ದ್ವೀಪದಲ್ಲಿದ್ದ ಪೋರ್ಚುಗೀಸ್ ಸೈನಿಕರ ಗುಂಡಿಗೆ ನೌಕಾಪಡೆಯ 7 ಜನ ಬಲಿಯಾದರು. ಗೋವಾ ವಿಮೋಚನೆ ರಕ್ತಪಾತವಿಲ್ಲದೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ಈ ಏಳು ಜನರನ್ನು ನೆನಪಿಸಿ. ಇದೇ ದ್ವೀಪ ಈಗ ಕಾರವಾರ ನೌಕಾನೆಲೆಯ ಭಾಗ. 1986ರಲ್ಲಿ ಶಂಕುಸ್ಥಾಪನೆಯಾದ ಆ ‘ಸೀಬರ್ಡ್’ ಯೋಜನೆಗಾಗಿ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ದಂಡೆ ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ನೌಕಾಪಡೆಗೆ ಒಳನಾಡು ಕೊಟ್ಟಿದ್ದು ಹೆಸರು, ಕರಾವಳಿ ಕೊಟ್ಟಿದ್ದು ನೆಲ. ಹೆಮ್ಮೆಪಡೋದು ನಮಗೆ ಸುಲಭ ಬಿಡಿ.

1971ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾದಳದ ಮುಂದಾಳು ಹಡಗು. ಎರಡು ಡಿಕ್ಕಿಗಳೂ ಇದರ ಖಾತೆಯಲ್ಲಿವೆ: 1959ರಲ್ಲಿ ಬ್ರಿಟನ್ನಿನ ಹೋಗ್ ಜೊತೆ, 1972ರಲ್ಲಿ ನಮ್ಮದೇ ಬಿಯಾಸ್ ಜೊತೆ. ಕೊನೆಗೆ ತರಬೇತಿ ಹಡಗಾಗಿ, 1985ರ ಆಗಸ್ಟ್ 20ರಂದು ನಿವೃತ್ತಿ.

ಇನ್ನು ಲಾಂಛನ. ಮೇಲೆ ಅಶೋಕನ ಸಿಂಹ, ಕೆಳಗೆ ನೀಲಿ-ಬಿಳಿ ಅಲೆಗಳು, ನಡುವೆ ಗಂಡಭೇರುಂಡ. ಬ್ರಿಟಿಷ್ ಹಡಗುಗಳ ಲಾಂಛನದಲ್ಲಿ ಮೇಲೆ ಕಿರೀಟ ಇರುತ್ತೆ. ಗಣರಾಜ್ಯ ಕಿರೀಟ ತೆಗೆದು ಸಿಂಹ ಕೂರಿಸಿತು. ಆದರೆ ಅದರ ಕೆಳಗೆ ಒಡೆಯರ ರಾಜಚಿಹ್ನೆಯನ್ನು ಬಿಟ್ಟುಕೊಂಡಿತು. ಇದು ರಾಜಭಕ್ತಿಯ ಪಳೆಯುಳಿಕೆಯಾ? ನಾನು ಹಾಗೆ ಒಪ್ಪಲ್ಲ. ಎರಡು ತಲೆಯ ಈ ಹಕ್ಕಿ ಒಡೆಯರ ಸ್ವಂತ ಆಸ್ತಿ ಆಗಿರಲೇ ಇಲ್ಲ. ಬಳ್ಳಿಗಾವಿಯ 11ನೇ ಶತಮಾನದ ಕಂಬದ ಮೇಲೆ ಮನುಷ್ಯದೇಹದ ಭೇರುಂಡ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಆನೆಗಳನ್ನೇ ಕೊಕ್ಕು, ಉಗುರಲ್ಲಿ ಕಚ್ಚಿ ಹಿಡಿದಿದೆ. ಇವತ್ತು ರಾಜ್ಯ ಸರ್ಕಾರದ ಮುದ್ರೆಯಲ್ಲಿದೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ಇದೆ. ಘೋಷವಾಕ್ಯ ತೈತ್ತಿರೀಯ ಉಪನಿಷತ್ತಿನದು. ಎಂದೂ ಅಂಜುವುದಿಲ್ಲ ಅನ್ನೋದು ಅರ್ಥ. ಮೂಲದಲ್ಲಿ ಅದು ಬ್ರಹ್ಮಾನಂದವನ್ನು ಅರಿತವನ ಮಾತು, ಯೋಧನದ್ದಲ್ಲ. ಹಡಗಿಗೆ ಬಂದಾಗ ಅದರ ಅರ್ಥವೇ ಬೇರೆಯಾಯಿತು.

ನೌಕಾಪಡೆಯಲ್ಲಿ ಹಡಗು ಗುಜರಿಗೆ ಹೋದರೂ ಹೆಸರು ಹೋಗಲ್ಲ. ಎರಡನೇ ಐಎನ್‌ಎಸ್ ಮೈಸೂರಿಗೆ ಹೆಸರಿನ ಜೊತೆ ಲಾಂಛನ, ಘೋಷವಾಕ್ಯವೂ ಬಂದವು. ಹಳೆಯದರ ಸಂಖ್ಯೆ ಸಿ60, ಇದರದ್ದು ಡಿ60. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ, 163 ಮೀಟರ್ ಉದ್ದದ, ಡೆಲ್ಲಿ ವರ್ಗದ ಈ ಡೆಸ್ಟ್ರಾಯರ್ 1999ರ ಜೂನ್ 2ರಂದು ಸೇವೆಗೆ ಸೇರಿತು. ಬ್ರಿಟನ್ನಿನಿಂದ ಸೆಕೆಂಡ್ ಹ್ಯಾಂಡ್ ತಂದ ಹಡಗಿನ ಹೆಸರು, ನಾವೇ ಕಟ್ಟಿದ ಹಡಗಿಗೆ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಗಿಬೆ ಎಂಬ ಹಡಗಿನ ಕರೆಗೆ ಓಗೊಟ್ಟು, ಸೊಮಾಲಿಯಾ ಮತ್ತು ಯೆಮನ್‌ನ 23 ಕಡಲ್ಗಳ್ಳರನ್ನು ಇದು ಹಿಡಿಯಿತು. 2011ರಲ್ಲಿ ಲಿಬಿಯಾದಿಂದ ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೂ ಹೋಗಿತ್ತು.

2014ರಲ್ಲಿ ಇಂಗ್ಲಿಷಿನಲ್ಲೂ ಊರು ‘ಮೈಸೂರು’ ಆಯಿತು. ಹಡಗಿನ ಮೇಲೆ ಮಾತ್ರ ಇಂಗ್ಲಿಷಿನ ಹಳೇ ‘ಮೈಸೋರ್’ ಇನ್ನೂ ಇದೆ.