ನಾಲ್ಕು ಮೀಟರಿಗೆ ಕತ್ತರಿಸಿದ ಡಿಕ್ಕಿ: ಸಣ್ಣ ಸೆಡಾನ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಇತಿಹಾಸ

ಡಿಜೈರ್, ಔರಾ, ಅಮೇಜ್, ಟಿಗೋರ್. ಕಡಿಮೆ ಬಜೆಟ್ಟಿನಲ್ಲಿ ಹೊಸದಾಗಿ ಡಿಕ್ಕಿ ಇರುವ ಕಾರು ಬೇಕೆಂದು ಹೊರಟವರಿಗೆ ಇವತ್ತು ಸಿಗುವ ಹೆಸರುಗಳು ಹೆಚ್ಚುಕಡಿಮೆ ಇಷ್ಟೇ. ಕಂಪನಿಗಳು ನಾಲ್ಕು, ಕಾರಿನ ಮುಖಗಳೂ ನಾಲ್ಕು ಬಗೆ. ಆದರೆ ಟೇಪು ಹಿಡಿದು ಅಳೆದರೆ ಎಲ್ಲದರ ಉದ್ದ 3,993 ಇಲ್ಲವೇ 3,995 ಮಿಲಿಮೀಟರ್. ಪೆಟ್ರೋಲ್ ಎಂಜಿನ್ ನೋಡಿದರೆ ಎಲ್ಲವೂ 1,197 ಇಲ್ಲವೇ 1,199 ಸಿಸಿ. ಒಬ್ಬರೂ ನಾಲ್ಕು ಮೀಟರ್ ದಾಟಿಲ್ಲ, ಒಬ್ಬರೂ 1,200 ಸಿಸಿ ಮುಟ್ಟಿಲ್ಲ.

ಇದು ಕಾಕತಾಳೀಯವಲ್ಲ. ನಮ್ಮ ಮನೆಗಳಿಗೆ ಬರುವ ಸಣ್ಣ ಸೆಡಾನ್‌ನ ಅಳತೆಯನ್ನು ಎಂಜಿನಿಯರುಗಳಿಗಿಂತ ಮೊದಲು ನಿಗದಿ ಮಾಡಿದ್ದು ಕೇಂದ್ರ ಬಜೆಟ್ಟಿನ ಒಂದು ತೆರಿಗೆ ಸಾಲು. ಆ ಸಾಲು ಹೇಗೆ ಬಂತು, ಅದರಿಂದ ನಮಗೆ ಸಿಕ್ಕಿದ್ದೇನು, ಕೈತಪ್ಪಿದ್ದೇನು ಎಂದು ತಿಳಿದುಕೊಂಡರೆ ಶೋರೂಮಿನಲ್ಲಿ ಅಥವಾ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಏನು ನೋಡಬೇಕು ಎಂಬುದೂ ತಿಳಿಯುತ್ತದೆ.

ಡಿಕ್ಕಿ ಇದ್ದರೇ ಕಾರು

ಹಿಂದೆ ಡಿಕ್ಕಿ ಚಾಚಿಕೊಂಡಿದ್ದರೇ ಅದು ಕಾರು ಎಂಬ ಭಾವನೆ ನಮ್ಮಲ್ಲಿ ಹಳೆಯದು. ದಶಕಗಳ ಕಾಲ ಈ ದೇಶಕ್ಕೆ ಕಾರೆಂದರೆ ಉತ್ತರಪಾರಾದ ಅಂಬಾಸಿಡರ್ ಅಥವಾ ಮುಂಬೈಯ ಪ್ರೀಮಿಯರ್ ಪದ್ಮಿನಿ. ಎರಡಕ್ಕೂ ಮುಂದೆ ಬಾನೆಟ್, ನಡುವೆ ಜನ, ಹಿಂದೆ ಡಿಕ್ಕಿ. ಊರಿನ ಡಾಕ್ಟರು, ಸಾಹುಕಾರರು, ಬಾಡಿಗೆ ಟ್ಯಾಕ್ಸಿಯವರು ಓಡಿಸಿದ್ದೂ ಇವನ್ನೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗಕ್ಕೆ ಕಾರು ಕೊಟ್ಟಿತು, ಡಿಕ್ಕಿಯನ್ನು ಕೊಡಲಿಲ್ಲ. ಅದು ಹ್ಯಾಚ್‌ಬ್ಯಾಕ್, ಹಿಂದಿನ ಸೀಟಿನ ಬೆನ್ನಿಗೇ ಕಾರು ಮುಗಿಯುತ್ತಿತ್ತು. ಹಾಗಾಗಿ 1990ರಲ್ಲಿ ಡಿಕ್ಕಿಯಿರುವ ಮಾರುತಿ 1000 ಬಂದಾಗ, 970 ಸಿಸಿಯ ಸಣ್ಣ ಎಂಜಿನ್ ಇದ್ದರೂ ಜನ ಅದನ್ನು ಒಂದು ಮೆಟ್ಟಿಲು ಮೇಲಿನ ಕಾರೆಂದೇ ಕಂಡರು.

ಇದು ಬರೀ ಅಂತಸ್ತಿನ ಮಾತಲ್ಲ. ನಮ್ಮ ಕಡೆ ಕಾರು ತೆಗೆದುಕೊಂಡ ಮನೆ ಅದನ್ನು ಬಳಸುವ ರೀತಿಯೇ ಹಾಗೆ. ವಾರದ ಸಂತೆ, ತವರಿಗೆ ಹೋಗುವಾಗ ಅಕ್ಕಿ ಚೀಲ, ಬರುವಾಗ ತೆಂಗಿನಕಾಯಿ, ಮದುವೆಗೆ ಹೊರಟರೆ ಬಟ್ಟೆಯ ಬ್ಯಾಗು, ಜಿಲ್ಲಾ ಆಸ್ಪತ್ರೆಗೆ ಹೊರಟರೆ ಹಾಸಿಗೆ ದಿಂಬು. ಇವೆಲ್ಲ ಹೋಗಬೇಕಾದ್ದು ಡಿಕ್ಕಿಗೆ.

2006ರ ಬಜೆಟ್

2006ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಪಿ. ಚಿದಂಬರಂ ಮಂಡಿಸಿದ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಅಬಕಾರಿ ಸುಂಕವೆಂದರೆ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲೆ ಕೇಂದ್ರ ಹಾಕುತ್ತಿದ್ದ ತೆರಿಗೆ. ಭಾರತವನ್ನು ಸಣ್ಣ ಕಾರು ತಯಾರಿಕೆಯ ಕೇಂದ್ರ ಮಾಡಬೇಕೆಂಬುದು ಉದ್ದೇಶ. ಹಾಗಾದರೆ ಸಣ್ಣ ಕಾರು ಯಾವುದು? ಉದ್ದ 4,000 ಮಿಲಿಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರಬಾರದು.

ಈ ರಿಯಾಯಿತಿ ಸಹಜವಾಗಿ ಸಿಗುತ್ತಿದ್ದದ್ದು ಹ್ಯಾಚ್‌ಬ್ಯಾಕ್‌ಗಳಿಗೆ. ಆದರೆ ಉದ್ದ ಹೇಳಿದ ಸರ್ಕಾರ ಆಕಾರ ಹೇಳಿರಲಿಲ್ಲ. ನಾಲ್ಕು ಮೀಟರಿನೊಳಗೆ ಡಿಕ್ಕಿಯನ್ನೂ ತುರುಕಿದರೆ ಸೆಡಾನ್‌ಗೂ ಸಣ್ಣ ಕಾರಿನ ತೆರಿಗೆಯೇ ಅನ್ವಯವಾಗುತ್ತಿತ್ತು.

ಇದನ್ನು ಮೊದಲು ಮಾಡಿ ತೋರಿಸಿದ್ದು ಟಾಟಾ. ಇಂಡಿಕಾ ಕಾರಿಗೆ ಡಿಕ್ಕಿ ಸೇರಿಸಿ ಮಾಡಿದ್ದ ಇಂಡಿಗೊ ನಾಲ್ಕು ಮೀಟರಿಗಿಂತ ಉದ್ದವಿತ್ತು. ಅದರ ಹಿಂಭಾಗ ಕತ್ತರಿಸಿ 3,988 ಮಿಲಿಮೀಟರಿಗೆ ಇಳಿಸಿ, 2008ರಲ್ಲಿ ಇಂಡಿಗೊ ಸಿಎಸ್ ಎಂದು ಮಾರುಕಟ್ಟೆಗೆ ಬಿಟ್ಟರು. ಸಿಎಸ್ ಎಂದರೆ ಕಾಂಪ್ಯಾಕ್ಟ್ ಸೆಡಾನ್. ಮೊಂಡು ಡಿಕ್ಕಿಯ ಆ ಕಾರು ನೋಡಲು ಚೆಂದವಿತ್ತೋ ಇಲ್ಲವೋ, ಹ್ಯಾಚ್‌ಬ್ಯಾಕ್‌ಗೆ ಇನ್ನಷ್ಟು ದುಡ್ಡು ಸೇರಿಸಿದರೆ ಸೆಡಾನ್ ಸಿಗುತ್ತದೆ ಎಂಬ ದಾರಿ ತೆರೆದದ್ದು ಅದು.

ಆರೂವರೆ ಇಂಚಿನ ಬೆಲೆ

ಅದೇ 2008ರಲ್ಲಿ ಮಾರುತಿಯ ಸ್ವಿಫ್ಟ್ ಡಿಜೈರ್ ಬಂತು. ಮೊದಲ ಡಿಜೈರ್ 4,160 ಮಿಲಿಮೀಟರ್ ಉದ್ದವಿತ್ತು, ಪೆಟ್ರೋಲ್ ಎಂಜಿನ್ 1,298 ಸಿಸಿ. ಎರಡು ಲೆಕ್ಕದಲ್ಲೂ ರಿಯಾಯಿತಿಯಿಂದ ಹೊರಗೆ. 2010ರಲ್ಲಿ ಪೆಟ್ರೋಲ್ ಎಂಜಿನ್ 1,197 ಸಿಸಿಗೆ ಇಳಿಯಿತು. 2012ರ ಫೆಬ್ರುವರಿಯಲ್ಲಿ ಬಂದ ಎರಡನೇ ಡಿಜೈರ್‌ನ ಉದ್ದ 3,995 ಮಿಲಿಮೀಟರ್.

ಕಡಿಮೆಯಾದದ್ದು 165 ಮಿಲಿಮೀಟರ್. ಆರೂವರೆ ಇಂಚು, ಒಂದು ಗೇಣಿಗಿಂತ ಕಡಿಮೆ. ಇಷ್ಟಕ್ಕೆ ಸಿಕ್ಕ ಲಾಭ ಎಷ್ಟು? 2012ರ ಹೊತ್ತಿಗೆ ಸಣ್ಣ ಕಾರಿಗೂ ಅದರ ಮೇಲಿನ ವರ್ಗಕ್ಕೂ ನಡುವೆ ಸುಂಕದ ಅಂತರ ನೂರಕ್ಕೆ 12 ರೂಪಾಯಿಯಷ್ಟಿತ್ತು. ಕಾರ್ಖಾನೆಯಲ್ಲಿ 4 ಲಕ್ಷ ಬೀಳುವ ಕಾರೆಂದು ಇಟ್ಟುಕೊಂಡರೆ 48 ಸಾವಿರ. ಸಾಲ ಮಾಡಿ ಮೊದಲ ಕಾರು ಕೊಳ್ಳುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಕಳೆದುಕೊಂಡದ್ದೂ ಇದೆ. ಹೊಸ ಡಿಜೈರ್ ತನ್ನದೇ ಹ್ಯಾಚ್‌ಬ್ಯಾಕ್ ಅಣ್ಣ ಸ್ವಿಫ್ಟ್‌ಗಿಂತ ಉದ್ದವಿದ್ದದ್ದು ಬರೀ 145 ಮಿಲಿಮೀಟರ್. ಚಕ್ರಗಳ ನಡುವಿನ ಅಂತರ ಎರಡಕ್ಕೂ ಒಂದೇ. ಡಿಕ್ಕಿ 440 ಲೀಟರಿನಿಂದ 316 ಲೀಟರಿಗೆ ಕುಗ್ಗಿತು. ಕುಗ್ಗಿದ್ದು 124 ಲೀಟರ್, ಅಂದರೆ 20 ಲೀಟರಿನ ನೀರಿನ ಕ್ಯಾನುಗಳು ಆರು. ತೆರಿಗೆ ಉಳಿಸಿದ ದುಡ್ಡಿನ ಒಂದು ಭಾಗವನ್ನು ಕೊಂಡವರು ಹೀಗೆ ಜಾಗದ ರೂಪದಲ್ಲಿ ತೆತ್ತರು.

ಆದರೂ ಜನ ಒಪ್ಪಿಕೊಂಡರು. ಹೋಂಡಾ ಅಮೇಜ್ 2013ರಲ್ಲಿ 400 ಲೀಟರಿನ ಡಿಕ್ಕಿಯೊಂದಿಗೆ ಬಂತು. 2014ರಲ್ಲಿ ಹ್ಯುಂಡೈ ಎಕ್ಸೆಂಟ್, ಟಾಟಾ ಜೆಸ್ಟ್. 2015ರಲ್ಲಿ ಫೋರ್ಡ್ ಫಿಗೊ ಆಸ್ಪೈರ್. 2016ರಲ್ಲಿ ಫೋಕ್ಸ್‌ವ್ಯಾಗನ್ ಭಾರತಕ್ಕೆಂದೇ ಆಮಿಯೊ ಎಂಬ ಕಾರು ಮಾಡಿತು. 2018ರಲ್ಲಿ ಡಿಜೈರ್ ಆಲ್ಟೊವನ್ನೂ ಹಿಂದಿಕ್ಕಿ ಆ ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಾಯಿತು.

ಬಿಡದಿಯ ಕಾರು ಬೇರೆ ಲೆಕ್ಕ ಹಾಕಿತು

ಈ ಓಟದಲ್ಲಿ ಸೇರದ ಒಂದು ಕಾರು ನಮ್ಮ ಕರ್ನಾಟಕದ್ದೇ. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2010ರ ಡಿಸೆಂಬರಿನಲ್ಲಿ ಬಂದ ಎಟಿಯೋಸ್ 4,265 ಮಿಲಿಮೀಟರ್ ಉದ್ದವಿತ್ತು. ಉದ್ದ ಕತ್ತರಿಸಲಿಲ್ಲ, ರಿಯಾಯಿತಿಯೂ ಸಿಗಲಿಲ್ಲ. ಆದರೆ ಡಿಕ್ಕಿ 595 ಲೀಟರ್, ಹಿಂದಿನ ಸೀಟಿನ ನೆಲ ಸಪಾಟು, ಮೂವರು ಕಾಲು ಚಾಚಿ ಕೂರುವಷ್ಟು ಜಾಗ. ಒಳಗಿನ ಅಲಂಕಾರ ಸಪ್ಪೆ ಎಂದು ಮನೆಯವರು ಮೂಗು ಮುರಿದರೂ ಯೆಲ್ಲೋ ಬೋರ್ಡಿನವರು ಅದನ್ನು ಬಿಡಲಿಲ್ಲ. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುವವರಿಗೆ ಬೇಕಾದದ್ದು ಡಿಕ್ಕಿ, ಹಿಂದಿನ ಸೀಟು ಮತ್ತು ಕೈಕೊಡದ ಎಂಜಿನ್. ಸಂಸಾರದ ಕಾರನ್ನು ಅಳೆಯುವಾಗ ಟ್ಯಾಕ್ಸಿಯವರ ಈ ಅಳತೆಗೋಲನ್ನು ಎರವಲು ಪಡೆದರೆ ನಷ್ಟವಿಲ್ಲ. 2020ರಲ್ಲಿ ಎಟಿಯೋಸ್ ನಿಂತಿತು.

ಡೀಸೆಲ್ಲಿನ ಹತ್ತು ವರ್ಷ

ಆ ದಿನಗಳಲ್ಲಿ ಸಣ್ಣ ಸೆಡಾನ್ ಕೊಳ್ಳುವವರ ಮೊದಲ ಪ್ರಶ್ನೆ ಡೀಸೆಲ್ಲೋ ಪೆಟ್ರೋಲೋ ಎಂಬುದು. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2010ರ ಜೂನ್‌ನಲ್ಲಿ ಹೋಯಿತು. ಡೀಸೆಲ್ಲಿಗೆ ಅದು ಪೂರ್ತಿ ಹೋದದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಎರಡರ ಬೆಲೆಯಲ್ಲಿ ದೊಡ್ಡ ಅಂತರವಿತ್ತು. ಫಿಯೆಟ್ ರೂಪಿಸಿದ 1,248 ಸಿಸಿಯ ಡೀಸೆಲ್ ಎಂಜಿನ್ ಮಾರುತಿ, ಟಾಟಾ, ಫಿಯೆಟ್ ಕಾರುಗಳಲ್ಲೆಲ್ಲ ಓಡಿತು. 1,500 ಸಿಸಿಯ ಮಿತಿಗೂ ಅದು ಸರಿಯಾಗಿ ಹೊಂದುತ್ತಿತ್ತು.

2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದಾಗ ಸಣ್ಣ ಡೀಸೆಲ್ ಎಂಜಿನ್ ಶುದ್ಧಗೊಳಿಸುವ ಖರ್ಚು ಕಾರಿನ ಬೆಲೆಗೆ ಹೊಂದಲಿಲ್ಲ. ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು, ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಆ ಜಾಗಕ್ಕೆ ಬಂದದ್ದು ಸಿಎನ್‌ಜಿ. ಇಂಧನದ ಖರ್ಚು ಇಳಿಯಿತು, ಆದರೆ ಸಿಲಿಂಡರ್ ಬಂದು ಕೂತದ್ದು ಡಿಕ್ಕಿಯಲ್ಲಿ. ಡಿಕ್ಕಿಗೆಂದು ಸೆಡಾನ್ ಕೊಂಡು, ಆ ಡಿಕ್ಕಿಯನ್ನು ಸಿಲಿಂಡರಿಗೆ ಬಿಟ್ಟುಕೊಡುವ ಪರಿಸ್ಥಿತಿ. 2023ರಿಂದ ಟಾಟಾ ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ತಳದಲ್ಲಿ ಮಲಗಿಸಿ ಮೇಲೆ ಜಾಗ ಉಳಿಸುವ ದಾರಿ ಹಿಡಿಯಿತು.

ಉದ್ದ ಅಳೆದವರು ಒಳಗಿನ ಜೀವ ಅಳೆದದ್ದು ಯಾವಾಗ?

ಈ ಇತಿಹಾಸದಲ್ಲಿ ನಮ್ಮನ್ನು ಹೆಚ್ಚು ಕಾಡುವ ಭಾಗ ಇದು. ಕಾರಿನ ಉದ್ದವನ್ನು ಮಿಲಿಮೀಟರ್ ಲೆಕ್ಕದಲ್ಲಿ 2006ರಲ್ಲೇ ಅಳೆದ ಕಾನೂನು, ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದು 2019ರ ಜುಲೈನಲ್ಲಿ. ನಡುವೆ 13 ವರ್ಷ. ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೆ ಬಂದದ್ದೂ 2019ರಲ್ಲೇ. ಚಾಲಕನ ಪಕ್ಕ ಕೂರುವವರಿಗೆ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2022ರ ಜನವರಿಯಿಂದ. ಅಲ್ಲಿಯವರೆಗೆ ಇವೆಲ್ಲ ಹೆಚ್ಚು ದುಡ್ಡು ಕೊಟ್ಟವರಿಗೆ ಸಿಗುವ ಸೌಕರ್ಯಗಳಂತೆ ಮಾರಾಟವಾಗುತ್ತಿದ್ದವು. ಅಲಾಯ್ ವೀಲ್, ಮ್ಯೂಸಿಕ್ ಸಿಸ್ಟಮ್, ಏರ್‌ಬ್ಯಾಗ್ ಒಂದೇ ಪಟ್ಟಿಯಲ್ಲಿದ್ದವು.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ಸ್ಟಾರ್. ಅವು ಹ್ಯಾಚ್‌ಬ್ಯಾಕ್‌ಗಳು. ಸೆಡಾನ್‌ಗಳ ಸರದಿ ಆಮೇಲೆ ಬಂತು. 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಜೆಸ್ಟ್‌ಗೆ ಸೊನ್ನೆ ಬಂದರೆ, ಏರ್‌ಬ್ಯಾಗ್ ಇದ್ದು ಬಾಡಿ ಸುಧಾರಿಸಿದ ಜೆಸ್ಟ್‌ಗೆ ನಾಲ್ಕು ಸ್ಟಾರ್ ಬಂತು. ಹೆಸರು ಒಂದೇ, ಆಕಾರ ಒಂದೇ, ಒಳಗೆ ಕೂತವರ ಗತಿ ಮಾತ್ರ ಬೇರೆ. 2024ರ ನವೆಂಬರಿನಲ್ಲಿ ಹೊಸ ಡಿಜೈರ್ ದೊಡ್ಡವರ ರಕ್ಷಣೆಗೆ ಐದು ಸ್ಟಾರ್, ಮಕ್ಕಳ ರಕ್ಷಣೆಗೆ ನಾಲ್ಕು ಸ್ಟಾರ್ ಪಡೆಯಿತು. ನಾಲ್ಕು ಮೀಟರಿನೊಳಗೆ ಗಟ್ಟಿ ಕಾರು ಮಾಡಲು ಸಾಧ್ಯ ಎಂಬುದಕ್ಕೆ ಇಷ್ಟು ಸಾಕು.

2017ರಲ್ಲಿ ಅಬಕಾರಿ ಸುಂಕ ಹೋಗಿ ಜಿಎಸ್‌ಟಿ ಬಂತು. ನಾಲ್ಕು ಮೀಟರಿನ ಗೆರೆ ಹಾಗೇ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಾಗಲೂ ಅದೇ ಗೆರೆ, ಅದೇ 1,200 ಮತ್ತು 1,500 ಸಿಸಿ. ಗೆರೆ ದಾಟಿದರೆ ಶೇ 40. ಇದೇ ಗೆರೆಯೊಳಗೆ ಈಗ ಸಣ್ಣ ಎಸ್‌ಯುವಿಗಳೂ ತುಂಬಿವೆ. ಜೆಸ್ಟ್, ಎಕ್ಸೆಂಟ್, ಆಸ್ಪೈರ್, ಆಮಿಯೊ ಮರೆಯಾಗಿವೆ.

ಹಾಗಾದರೆ ಏನು ನೋಡಬೇಕು?

ಹೊಸ ಕಾರು ನೋಡಲು ಹೋಗುವವರಿಗೆ ಈ ಇತಿಹಾಸ ಹೇಳುವುದಿಷ್ಟು. ಉದ್ದ ಎಲ್ಲರದ್ದೂ ಒಂದೇ ಆದ್ದರಿಂದ, ಆ ಉದ್ದವನ್ನು ಯಾರು ಹೇಗೆ ಹಂಚಿದ್ದಾರೆ ಎಂಬುದೇ ಪರೀಕ್ಷೆ. ಡಿಕ್ಕಿ ದೊಡ್ಡದಿದ್ದರೆ ಹಿಂದಿನ ಸೀಟಿನ ಕಾಲಿನ ಜಾಗವನ್ನೂ ನೋಡಿ. ಶೋರೂಮಿಗೆ ಒಬ್ಬರೇ ಹೋಗಬೇಡಿ. ಮಂಡಿ ನೋವಿರುವ ಅಮ್ಮನನ್ನೋ ಅಜ್ಜಿಯನ್ನೋ ಹಿಂದೆ ಕೂರಿಸಿ ಇಳಿಸಿ. ಸೆಡಾನ್‌ನ ಸೀಟು ತಗ್ಗಿನಲ್ಲಿರುತ್ತದೆ, ಸೂರು ಹಿಂದಕ್ಕೆ ಇಳಿಜಾರಾಗಿರುತ್ತದೆ. ಐದು ಜನ ಕೂತು ಟೆಸ್ಟ್ ಡ್ರೈವ್ ಮಾಡಿ, ಸಾಧ್ಯವಾದರೆ ನಿಮ್ಮೂರಿನ ಹಂಪ್ಸ್ ಮೇಲೆಯೇ. ಒಬ್ಬರೇ ಕೂತಾಗ ಚುರುಕಾಗಿರುವ 1,200 ಸಿಸಿ ಎಂಜಿನ್, ಐದು ಜನ ಮತ್ತು ಎಸಿ ಸೇರಿದಾಗ ಘಾಟಿಯಲ್ಲಿ ಬೇರೆಯೇ ಆಗಿರುತ್ತದೆ. ಹಿಂದೆ ನಡುವೆ ಕೂರುವವರಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ ನೋಡಿ. ಸಿಎನ್‌ಜಿ ಬೇಕಿದ್ದರೆ ಡಿಕ್ಕಿ ತೆಗೆಸಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಆದರೆ ನಮ್ಮ ತಾಲ್ಲೂಕುಗಳಲ್ಲಿ ಮೊದಲ ಕಾರು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ಅಲ್ಲಿ ಎಚ್ಚರಿಕೆ ಇನ್ನೂ ಬೇಕು. 2012ರಿಂದ 2018ರವರೆಗಿನ ಡೀಸೆಲ್ ಸೆಡಾನ್‌ಗಳು ಇವತ್ತು ಕೈಗೆಟಕುವ ದರದಲ್ಲಿವೆ, ಮೈಲೇಜ್ ಚೆನ್ನಾಗಿದೆ, ಮೆಕ್ಯಾನಿಕ್‌ಗಳಿಗೆ ಪರಿಚಿತ. ಆ ಕಾಲದ ಹಲವು ಬೇಸ್ ಮಾಡೆಲ್‌ಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೊರಗಿನಿಂದ ಇದು ಗೊತ್ತಾಗುವುದಿಲ್ಲ. ಬ್ರೋಕರ್ ಪೇಂಟು, ಟೈರು, ಕಿಲೋಮೀಟರ್ ತೋರಿಸುತ್ತಾನೆ. ನೀವು ಆರ್‌ಸಿಯಲ್ಲಿ ತಯಾರಾದ ತಿಂಗಳು ಮತ್ತು ಮಾಡೆಲ್ ಹೆಸರು ನೋಡಿ, ಸ್ಟೀರಿಂಗ್ ಮೇಲೆ ಏರ್‌ಬ್ಯಾಗ್ ಗುರುತಿದೆಯೇ ನೋಡಿ, ಕೀ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಹೊತ್ತಿ ಆರುತ್ತವೆಯೇ ನೋಡಿ. 2019ಕ್ಕಿಂತ ಹಳೆಯ ಕಾರಾದರೆ, ಬೇಸ್ ಮಾಡೆಲ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟು ಏರ್‌ಬ್ಯಾಗ್ ಇರುವ ಮಾಡೆಲ್ ಹುಡುಕುವುದು, ಅಥವಾ ಒಂದೆರಡು ವರ್ಷ ಹೊಸದಾದ ಪೆಟ್ರೋಲ್ ಕಾರಿಗೆ ಹೋಗುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕಡಿಮೆಯಾದರೆ ತಿಂಗಳ ಖರ್ಚು ಹೆಚ್ಚುತ್ತದೆ, ನಿಜ. ಆದರೆ ಆ ಕಾರಿನಲ್ಲಿ ಕೂರುವುದು ಇಡೀ ಮನೆ.

ಸರ್ಕಾರ ಅಳೆದದ್ದು ಬಂಪರಿನಿಂದ ಬಂಪರಿನವರೆಗೆ. ಕಂಪನಿಗಳು ಆ ಅಳತೆಗೆ ತಕ್ಕಂತೆ ಕಾರು ಕೊಟ್ಟವು, ನಮ್ಮ ಎಷ್ಟೋ ಮನೆಗಳ ಆಸೆಯೂ ಅದರಿಂದ ಈಡೇರಿತು. ನಡುವೆ ಕೂರುವವರ ಅಳತೆಯನ್ನು ಮಾತ್ರ ಕೊಳ್ಳುವವರೇ ತೆಗೆಯಬೇಕು. ಟೇಪು ಬೇಡ, ಒಂದು ದಿನದ ಬಿಡುವು ಮತ್ತು ಮನೆಯವರೆಲ್ಲ ಜೊತೆಗಿದ್ದರೆ ಸಾಕು.