ಸಿಂಗಪುರದ ಸುಂಕದಕಟ್ಟೆ

ಹಿಂದೆ ಊರಬಾಗಿಲಲ್ಲಿ ಸುಂಕದಕಟ್ಟೆಯಿರುತ್ತಿದ್ದಿತು. ಗಾಡಿಯ ಮೇಲೆ ಅಡಕೆಯನ್ನೋ ಬೆಲ್ಲವನ್ನೋ ಹೇರಿಕೊಂಡು ಬಂದವನು ಅಲ್ಲಿ ಹಣ ತೆತ್ತಲ್ಲದೆ ಮುಂದೆ ಹೋಗುವಂತಿರಲಿಲ್ಲ. ಬೆಂಗಳೂರಿನ ಪಶ್ಚಿಮಕ್ಕೆ ಇಂದಿಗೂ ಆ ಹೆಸರಿನದೊಂದು ಬಡಾವಣೆಯಿದೆ. ಸರಕಿಗೆ ಮೀಸಲಾಗಿದ್ದ ಈ ಪುರಾತನ ಪದ್ಧತಿಯನ್ನು ತಿರುವುಮುರುವು ಮಾಡಿ, ಸರಕಿನ ಲಾರಿಗೆ ವಿನಾಯಿತಿಯಿತ್ತು, ಕಾರಿನಲ್ಲಿ ಒಬ್ಬಂಟಿಯಾಗಿ ಕುಳಿತು ಕಚೇರಿಗೆ ಹೊರಟ ಗೃಹಸ್ಥನ ಮೇಲೆ ಮೊತ್ತಮೊದಲು ಪ್ರಯೋಗಿಸಿದ ನಗರವೆಂದರೆ ಸಿಂಗಪುರ.

1975ರ ಜೂನ್ 2, ಸೋಮವಾರ. ಅಂದಿನಿಂದ ಬೆಳಗ್ಗೆ 7.30ರಿಂದ 9.30ರವರೆಗೆ ನಗರದ ನಡುಭಾಗವನ್ನು ಹೊಗುವ ಕಾರಿಗೆ ದಿನಕ್ಕೆ 3 ಡಾಲರು, ತಿಂಗಳಿಗಾದರೆ 60 ಡಾಲರು ಎಂದು ಸರಕಾರವು ವಿಧಿಸಿತು. ಅಂಚೆಕಚೇರಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಪರವಾನಗಿಯ ಚೀಟಿಯನ್ನು ಕೊಂಡು ಮುಂಗಾಜಿಗೆ ಅಂಟಿಸಬೇಕು. ರಸ್ತೆಗಳ ಮೇಲೆ ಕಮಾನುಗಳು. ಪಕ್ಕದ ಗೂಡಿನಲ್ಲಿ ಕುಳಿತ ಕಾವಲಿನವರು ಯಾರನ್ನೂ ತಡೆಯುತ್ತಿರಲಿಲ್ಲ, ಚೀಟಿಯಿಲ್ಲದ ಕಾರಿನ ಸಂಖ್ಯೆಯನ್ನು ಬರೆದುಕೊಂಡು ಸುಮ್ಮನಾಗುತ್ತಿದ್ದರು, ದಂಡದ ಕಾಗದವು ತರುವಾಯ ಮನೆಗೆ ಬರುತ್ತಿದ್ದಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಅವಕಾಶವನ್ನೂ ಹೀಗೆ ಇಲ್ಲವಾಗಿಸಿದ ಆ ಆಡಳಿತದ ಜಾಣ್ಮೆಯನ್ನು ಮೆಚ್ಚಲೇಬೇಕು.

ಆದರೆ ಕಟ್ಟೆಯನ್ನು ಕಟ್ಟುವ ಮೊದಲು ಅವರು ಬಸ್ಸನ್ನು ಸರಿಪಡಿಸಿದ್ದರೆಂಬುದನ್ನು ಮರೆಯಲಾಗದು. ಪರಸ್ಪರ ಸ್ಪರ್ಧಿಸುತ್ತಿದ್ದ ಹಲವು ಖಾಸಗಿ ಕಂಪನಿಗಳನ್ನು 1971ರಲ್ಲಿ ಕೆಲವಾಗಿಯೂ 1973ರಲ್ಲಿ ಒಂದೇ ಸಂಸ್ಥೆಯಾಗಿಯೂ ಕೂಡಿಸಿದ ಬಳಿಕವೇ ಸುಂಕದ ಮಾತು ಬಂದಿತು. ಏರಲು ಬಸ್ಸಿಲ್ಲದ ಊರಿನಲ್ಲಿ ಇಂಥ ತೆರಿಗೆಯು ಬರಿಯ ಸುಲಿಗೆ.

ಫಲವು ವಿಚಿತ್ರವಾಗಿದ್ದಿತು. ಸಂಚಾರವು ನಾಲ್ಕರಲ್ಲೊಂದು ಪಾಲು ತಗ್ಗಿದರೆ ಸಾಕೆಂದುಕೊಂಡಿದ್ದವರ ಕಣ್ಣೆದುರು ಅದು ಶೇಕಡಾ 44ರಷ್ಟು ಇಳಿದು, ರಸ್ತೆಗಳು ವ್ಯರ್ಥವಾಗಿ ಬಣಗುಡುತ್ತಿವೆಯೆಂಬ ಆಕ್ಷೇಪಣೆಯೇ ಹುಟ್ಟಿತು. ಸುಂಕದ ವೇಳೆ ಮುಗಿಯುವುದನ್ನೇ ಕಾಯುತ್ತಿದ್ದವರು 9.30 ಹೊಡೆದೊಡನೆ ಒಮ್ಮೆಲೇ ನುಗ್ಗತೊಡಗಲು, ಅವಧಿಯನ್ನು ಅದೇ ವರ್ಷ 10.15ರವರೆಗೆ ಹಿಗ್ಗಿಸಬೇಕಾಯಿತು. ಕಾರನ್ನು ಊರಂಚಿನಲ್ಲಿ ನಿಲ್ಲಿಸಿ ಮುಂದಕ್ಕೆ ಬಸ್ಸಿನಲ್ಲಿ ಹೋಗಲೆಂದು ಸರಕಾರವು ಅಕ್ಕರೆಯಿಂದ ಕಟ್ಟಿಸಿದ ವಿಶಾಲವಾದ ನಿಲ್ದಾಣಗಳು ಮಾತ್ರ ಖಾಲಿ ಬಿದ್ದವು. ಬಸ್ಸನ್ನೇ ಏರುವುದಾದರೆ ಮನೆಯ ಹತ್ತಿರವೇ ಏರಬಾರದೇಕೆ ಎಂಬ ಸರಳ ತರ್ಕವು ಯೋಜಕರಿಗೆ ಹೊಳೆಯದಿದ್ದರೂ ಜನರಿಗೆ ಹೊಳೆದಿದ್ದಿತು. ನಗರದ ನಡುವಿಗೆ ಕೆಲಸಕ್ಕೆ ಹೋಗುವವರಲ್ಲಿ ಮೂವರಲ್ಲೊಬ್ಬನು ಬಸ್ಸು ಹಿಡಿಯುತ್ತಿದ್ದ ಕಡೆ ಈಗ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಹಿಡಿಯತೊಡಗಿದರು.

ಇನ್ನೊಂದು ಸಂಗತಿಯು ನನಗೆ ಬಹಳ ಪ್ರಿಯವಾದುದು. ನಾಲ್ವರಿರುವ ಕಾರಿಗೆ ಸುಂಕವಿರಲಿಲ್ಲ. ಅದರಿಂದಾಗಿ, ಮುಂಜಾನೆ ಬಸ್ಸಿನ ಸಾಲಿನೆದುರು ಕಾರು ತಂದು ನಿಲ್ಲಿಸಿ, ಗುರುತುಪರಿಚಯವಿಲ್ಲದ ಮೂವರನ್ನು ಕರೆದು ಕೂರಿಸಿಕೊಂಡು, ಕಮಾನಿನ ಕೆಳಗೆ ನಿರಾತಂಕವಾಗಿ ಸಾಗುವ ವಾಡಿಕೆಯು ತಾನಾಗಿ ಬೆಳೆಯಿತು. ಮಾಲಿಕನಿಗೆ ಸುಂಕ ಉಳಿಯಿತು, ಸಾಲಿನಲ್ಲಿದ್ದವನಿಗೆ ಬಸ್ಸಿನ ಚಾರ್ಜು. ನೆರೆಹೊರೆಯ ಪ್ರೀತಿಯಿಂದ ಆಗದುದು ಮೂರು ಡಾಲರಿನ ಭಯದಿಂದ ಆಯಿತೆಂದು ಯಾರಾದರೂ ನಕ್ಕರೆ ನಗಲಿ, ಒಬ್ಬನೇ ಹೋಗುತ್ತಿದ್ದ ಕಾರಿನಲ್ಲಿ ನಾಲ್ವರು ಹೋದದ್ದಂತೂ ನಿಜ.

ಸಂಜೆಯ ವಿಷಯದಲ್ಲಿ ಯೋಜಕರ ಲೆಕ್ಕ ಮತ್ತೆ ತಪ್ಪಿತು. ಬೆಳಗ್ಗೆ ಕಾರು ಬಾರದಿದ್ದ ಮೇಲೆ ಸಂಜೆ ಹೊರಡುವ ಕಾರೂ ಇರದೆಂದು ಅವರು ನಂಬಿದ್ದರು. ಆದರೆ ಬೆಳಗ್ಗೆ ನಡುವೂರನ್ನು ಬಳಸಿಕೊಂಡು ಹೋದವರು ಸಂಜೆ ಅದರ ಮಧ್ಯದಲ್ಲಿಯೇ ಹಾದು ಮನೆಗೆ ಮರಳಿದರು. ಸಂಜೆಗೂ ಸುಂಕ ಬಂದುದು 1989ರಲ್ಲಿ, ಅಷ್ಟರಲ್ಲಿ ನೆಲದಡಿಯ ರೈಲು ಓಡಲಾರಂಭಿಸಿ ಎರಡು ವರ್ಷವಾಗುತ್ತ ಬಂದಿದ್ದಿತು. ಅದೇ ವರ್ಷ ನಾಲ್ವರ ವಿನಾಯಿತಿಯೂ ಲಾರಿಗಳ ವಿನಾಯಿತಿಯೂ ರದ್ದಾದವು. 1998ರಲ್ಲಿ ಕಾಗದದ ಚೀಟಿಯ ಕಾಲವೇ ಮುಗಿದು, ಕಮಾನುಗಳ ಮೇಲಿನ ವಿದ್ಯುದ್ಯಂತ್ರವು ಹಾದುಹೋಗುವ ಕಾರಿನಿಂದ ತಾನೇ ಹಣ ಮುರಿದುಕೊಳ್ಳತೊಡಗಿತು. ಲಂಡನ್ ನಗರವು ಇಂಥದೇ ಸುಂಕವನ್ನು, ದಿನಕ್ಕೆ 5 ಪೌಂಡಿನಂತೆ, ಆರಂಭಿಸಿದುದು 2003ರ ಫೆಬ್ರವರಿ 17ರಂದು.