ಗಿರಣಿ, ಮಗ್ಗ, ಬೇಲಿ: ಸೊಲ್ಲಾಪುರದ ಕೈಗಾರಿಕಾ ಚರಿತ್ರೆಯಲ್ಲಿ ಕನ್ನಡ ದುಡಿಮೆ

ಸೊಲ್ಲಾಪುರದ ಕನ್ನಡ ಚರಿತ್ರೆಯನ್ನು ಬರೆಯುವವರು ಹನ್ನೆರಡನೆಯ ಶತಮಾನದ ಸೊನ್ನಲಿಗೆಯಿಂದ ಆರಂಭಿಸುತ್ತಾರೆ. ಸಿದ್ಧರಾಮನ ಕೆರೆ, ಗುಡಿ, ವಚನಗಳನ್ನು ದಾಟಿ ಒಂದೇ ಹೆಜ್ಜೆಗೆ 1956ರ ರಾಜ್ಯ ಪುನರ್ವಿಂಗಡಣೆಗೂ 1967ರ ಮಹಾಜನ ವರದಿಗೂ ಬಂದು ನಿಲ್ಲುತ್ತಾರೆ. ನಡುವಿನ ಎಂಟು ಶತಮಾನಗಳು ಕೀರ್ತನೆಯ ಪೀಠಿಕೆಯಂತೆ ಬೇಗ ಮುಗಿದುಹೋಗುತ್ತವೆ. ಇಂದು ಕಾಣುವ ನಗರವನ್ನು ಕಟ್ಟಿದ್ದು ಕೆರೆಯೂ ಅಲ್ಲ, ಗಡಿಯೂ ಅಲ್ಲ, ಹೊಗೆಗೊಳವೆ. ಅಕ್ಕಲಕೋಟೆ, ಇಂಡಿ, ಅಫಜಲಪುರ, ಜತ್ತಗಳ ಒಣ ಬೇಸಾಯದ ಹಳ್ಳಿಗಳಿಂದ ಬಂದ ಕನ್ನಡದ ಮಂದಿ ಮೊದಲ ಬಾರಿಗೆ ಗಡಿಯಾರದ ಕೂಲಿಗಳಾದ ಊರುಗಳಲ್ಲಿ ಸೊಲ್ಲಾಪುರ ಮುಖ್ಯವಾದದ್ದು. ಆದರೆ ಆ ದುಡಿಮೆ ಕನ್ನಡದ ಚರಿತ್ರೆಯಲ್ಲಿಯೂ ಕಾರ್ಮಿಕರ ಚರಿತ್ರೆಯಲ್ಲಿಯೂ ಅಂಚಿನಲ್ಲೇ ಉಳಿದಿದೆ. ಗಡಿವಾದಕ್ಕೆ ಗುಡಿ ಮತ್ತು ಶಾಸನಗಳು ಒದಗಿಸುವ ಪುರಾವೆಯನ್ನು ಹಾಜರಿ ಪಟ್ಟಿ ಒದಗಿಸುವುದಿಲ್ಲವೆಂಬುದು ಇದಕ್ಕೆ ಒಂದು ಕಾರಣವಿರಬೇಕು.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. ಮುಂದೆ ಅದು ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್‌ಗಳ ಮೇಲಿಂದ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನವರೆಗೆ ಸಾಗಿತು. ಹೋಟಗಿಯಿಂದ ವಿಜಯಪುರದ ಕಡೆಗೆ 1884ರಲ್ಲಿ ಮತ್ತೊಂದು ಮಾರ್ಗ ತೆರೆಯಿತು. ನಕಾಶೆಯ ಮೇಲೆ ಈ ಎರಡು ಗೆರೆಗಳನ್ನು ನೋಡಿದರೆ ಸೊಲ್ಲಾಪುರದ ಗಿರಣಿಗಳ ಬೆನ್ನ ಹಿಂದಿನ ಸೀಮೆ ಯಾವುದೆಂಬುದು ತಿಳಿಯುತ್ತದೆ. ಹತ್ತಿ ಬಂದ ದಾರಿಯಲ್ಲೇ ಆಳೂ ಬಂದಿತು. ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಅಂದರೆ ಜನ ‘ಜೂನಿ ಗಿರಣಿ’ ಎಂದು ಕರೆದದ್ದು, ಕೆಲಸ ಆರಂಭಿಸಿದ್ದು 1877ರಲ್ಲಿ. ದಖ್ಖನಿನ ಮಹಾ ಕ್ಷಾಮ ಸೊಲ್ಲಾಪುರವನ್ನೂ ಆಗಿನ ಕಲಾದಗಿ ಜಿಲ್ಲೆಯನ್ನೂ ಸುಡುತ್ತಿದ್ದ ಕಾಲ. ಗಿರಣಿಯ ಬಾಗಿಲು ತೆರೆದಾಗ ಹೊರಗೆ ನಿಂತಿದ್ದವರನ್ನು ಅಲ್ಲಿಗೆ ಕರೆತಂದದ್ದು ನಗರದ ಆಕರ್ಷಣೆ ಎನ್ನುವುದಕ್ಕಿಂತ ಹೊಲದ ಬರಿದು ಎನ್ನುವುದೇ ಸರಿ.

ಬಂಡವಾಳದ ಕಥೆ ಬೇರೆ. ಮೊದಲ ಗಿರಣಿಯ ಹಿಂದೆ ಮುಂಬಯಿಯ ವರ್ತಕ ಮೊರಾರಜಿ ಗೋಕುಲದಾಸ್ ಇದ್ದರು. ನರಸಿಂಗ ಗಿರ್ಜಿ ಗಿರಣಿಗೆ ಹೈದರಾಬಾದಿನ ಗೋಸಾವಿ ಸಾಹುಕಾರರ ಹಣ ಬಂದಿತು. ಲಕ್ಷ್ಮಿ, ವಿಷ್ಣು, ಜಾಮ್ ಗಿರಣಿಗಳೂ ಸೇರಿ 1910ರ ಸುಮಾರಿಗೆ ನಗರದಲ್ಲಿ ಐದು ಗಿರಣಿಗಳಾದವು. ಊರಿನ ಲಿಂಗಾಯತ ವರ್ತಕ ವರ್ಗಕ್ಕೆ ಸಂಪತ್ತು ಇರಲಿಲ್ಲವೆಂದಲ್ಲ. ಇಂದು ನಗರಪಾಲಿಕೆಯ ಕಚೇರಿಯಾಗಿರುವ ‘ಇಂದ್ರಭುವನ’ ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಮನೆ. ಆದರೂ ಗಿರಣಿಯ ಆಡಳಿತದ ಕಾಗದ ಇಂಗ್ಲಿಷಿನದಾಯಿತು, ಊರಿನ ಆಡಳಿತದ್ದು ಮರಾಠಿಯದಾಯಿತು. ಸೊಲ್ಲಾಪುರದ ಕನ್ನಡ ವರ್ತಕನಿಗೆ ಇದರಿಂದ ಅಡಚಣೆಯೇನೂ ಆಗಲಿಲ್ಲ, ಅವನು ಮೂರು ಭಾಷೆಗಳಲ್ಲಿ ಲೆಕ್ಕವಿಡಬಲ್ಲವನಾಗಿದ್ದ. ಅಡಚಣೆ ಆದದ್ದು ನೂರು ವರ್ಷಗಳ ನಂತರದ ಸಂಶೋಧಕನಿಗೆ.

ಗಿರಣಿ ಬಂದುದರಿಂದ ಕೈಮಗ್ಗ ಸತ್ತಿತೆಂಬ ನಂಬಿಕೆ ರಾಷ್ಟ್ರೀಯವಾದಿ ಅರ್ಥಶಾಸ್ತ್ರದಿಂದ ನಮ್ಮ ಸಾಮಾನ್ಯ ತಿಳಿವಳಿಕೆಗೆ ಇಳಿದಿದೆ. ಸೊಲ್ಲಾಪುರ ಅದಕ್ಕೆ ಒಗ್ಗುವುದಿಲ್ಲ. ಇಲ್ಲಿನ ಗಿರಣಿಗಳು ಬಟ್ಟೆಯನ್ನಷ್ಟೇ ನೇಯಲಿಲ್ಲ, ನೂಲನ್ನೂ ಮಾರಿದವು. ಆ ನೂಲನ್ನು ಕೊಂಡವರು ಊರಿನ ಪೇಟೆಗಳಲ್ಲಿದ್ದ ನೇಕಾರರೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮ ಸೀಮೆಯ ತೆಲಂಗಾಣದಿಂದ ಪದ್ಮಶಾಲಿ ನೇಕಾರರು ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದದ್ದು ಗಿರಣಿಗಳಿದ್ದ ಊರಿಗೆ, ಗಿರಣಿಗಳಿಲ್ಲದ ಊರಿಗಲ್ಲ. ಅಗ್ಗದ ನೂಲು, ಹತ್ತಿರದ ರೈಲು, ಒಂಬತ್ತು ಗಜದ ಸೀರೆಗೆ ಮಹಾರಾಷ್ಟ್ರದಲ್ಲಿದ್ದ ಬೇಡಿಕೆ ಇವು ಮೂರೂ ಒಂದೇ ಕಡೆ ದೊರೆತವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರುವ ಲಾಳಿ ಬಂದಾಗ ಸೊಲ್ಲಾಪುರದ ನೇಕಾರರು ಅದನ್ನು ಬಹು ಬೇಗ ಒಪ್ಪಿಕೊಂಡರು. ಮನೆಯ ಒಂದು ಮಗ್ಗ ಹತ್ತಾಗಿ, ಹತ್ತು ಒಂದೇ ಛಾವಣಿಯ ಕೆಳಗಿನ ಕಾರ್ಖಾನೆಯಾಗಿ, ಮಗ್ಗವಿದ್ದ ನೇಕಾರ ಕಾರ್ಖಾನೆದಾರನಾಗಿ, ಮಗ್ಗ ಕಳೆದುಕೊಂಡವನು ಅದೇ ಜಾತಿಯ ಕೂಲಿಯಾದ. ತೀರ್ಥಂಕರ ರಾಯ್ 1999ರಲ್ಲೂ ಡಗ್ಲಾಸ್ ಹೇನ್ಸ್ 2012ರಲ್ಲೂ ಪ್ರಕಟಿಸಿದ ಗ್ರಂಥಗಳು ಪಶ್ಚಿಮ ಭಾರತದ ಈ ಸಣ್ಣ ಬಂಡವಾಳಶಾಹಿಯನ್ನು ಗಂಭೀರವಾಗಿ ಪರಿಗಣಿಸಿದ ಮೇಲೆ, ಗಿರಣಿ ಮಾತ್ರವೇ ಆಧುನಿಕ, ಮಗ್ಗ ಮಾತ್ರವೇ ಪುರಾತನ ಎಂಬ ವಿಭಜನೆ ನಿಲ್ಲುವುದಿಲ್ಲ. ಇದರ ಸೂಚನೆ ಸೊಲ್ಲಾಪುರದ ಆಡುಮಾತಿನಲ್ಲಿ ಮೊದಲೇ ಇತ್ತು. ಕನ್ನಡದ ‘ಮಗ್ಗ’, ತೆಲುಗಿನ ‘ಮಗ್ಗಂ’, ಮರಾಠಿಯ ‘ಮಾಗ’ ಒಂದೇ ಮಾತಿನ ಮೂರು ಉಚ್ಚಾರಗಳು. ಕೈಯ ಮಗ್ಗಕ್ಕಿದ್ದ ಆ ಹೆಸರೇ ವಿದ್ಯುತ್ತಿನ ಮಗ್ಗಕ್ಕೂ ಬದಲಾಗದೆ ಬಂದಿತು. ಗಿರಣಿಯೊಳಗಿನ ಪದಕೋಶ ಮಾತ್ರ ಸಂತೆಯಂತಿತ್ತು. ‘ಜಾಬರ್’ ಇಂಗ್ಲಿಷಿನದು, ‘ಪಗಾರ’ ಪೋರ್ಚುಗೀಸಿನದು, ‘ಬದಲಿ’ ಹಿಂದುಸ್ತಾನಿಯದು, ‘ಪಾಳಿ’ ಕನ್ನಡ ಮರಾಠಿಗಳೆರಡೂ ತಮ್ಮದೆನ್ನಬಹುದಾದದ್ದು. ಯಾರ ಸ್ವಂತವೂ ಅಲ್ಲದ ಭಾಷೆಯಲ್ಲಿ ಆಜ್ಞೆಗಳು ಹೊರಟವು, ಎಲ್ಲರಿಗೂ ಅರ್ಥವಾದವು.

ಕೂಲಿಯ ರೀತಿಯಲ್ಲೂ ಹಳ್ಳಿ ಬಿಟ್ಟುಹೋಗಿರಲಿಲ್ಲ. ಸೊಲ್ಲಾಪುರದ ಗಿರಣಿಗಳು ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಾರ್ಮಿಕರಿಗೆ ರಿಯಾಯಿತಿಯ ಬೆಲೆಗೆ ಧಾನ್ಯ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದ್ದವು. ಜೋಳದ ಸೀಮೆಯಲ್ಲಿ, ಮಳೆ ಕೈಕೊಟ್ಟ ವರ್ಷ ಬೆಲೆ ಎಲ್ಲಿಗೆ ಏರುತ್ತದೆಂಬುದನ್ನು ಅನುಭವದಿಂದ ಬಲ್ಲವರಿಗೆ ಇದು ನಗದಿಗಿಂತ ಭದ್ರ. ಆದರೆ ಹಾಜರಿಗೆ ಕಟ್ಟಿಹಾಕುವ ಹಗ್ಗವೂ ಅದೇ. 1920ರ ಮುಷ್ಕರ, ಆನಂತರದ ಸಂಘಟನೆಗಳು ಈ ಹಗ್ಗವನ್ನು ಎಳೆದಾಡಿದ ಕಥೆಯೇ.

ಹಗ್ಗಕ್ಕಿಂತ ಕಠಿಣವಾದದ್ದು ತಂತಿಬೇಲಿ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ ಮುಂಬಯಿ ಸರ್ಕಾರ ನಡೆಸಿದ ವಸಾಹತುಗಳು ವಿಜಯಪುರ, ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್‌ಗಳಲ್ಲಿದ್ದವು. ಅವುಗಳಲ್ಲೆಲ್ಲ ದೊಡ್ಡದೆಂದು ಹೆಸರಾದದ್ದು ಸೊಲ್ಲಾಪುರದ್ದು. ಇವುಗಳ ಉಸ್ತುವಾರಿ ಹೊತ್ತ ಐ.ಸಿ.ಎಸ್. ಅಧಿಕಾರಿ ಸ್ಟಾರ್ಟ್ ಈ ಪ್ರಯೋಗವನ್ನು ಆರಂಭಿಸಿದ್ದು ವಿಜಯಪುರದಲ್ಲಿ. ಊರುಗಳ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಗೋಕಾಕದಲ್ಲಿ ನೀರಿನ ಶಕ್ತಿಯಿಂದ ನಡೆಯುವ ಗಿರಣಿ, ಹುಬ್ಬಳ್ಳಿಯಲ್ಲಿ ಗಿರಣಿ ಮತ್ತು ರೈಲ್ವೆ, ಸೊಲ್ಲಾಪುರದಲ್ಲಿ ಐದು ಗಿರಣಿಗಳು. ವಸಾಹತುಗಳು ‘ಸುಧಾರಣೆ’ಯ ಹೆಸರಿನಲ್ಲಿ ಹುಟ್ಟಿದವು, ನಿಂತದ್ದು ಮಾತ್ರ ಆಳಿನ ಕೊರತೆ ಇರುವಲ್ಲಿ. ಕೈಕಾಡಿ, ಮಾಂಗಗಾರುಡಿ, ಟಕಾರಿ, ಘಂಟಿಚೋರ, ಕೊರಚ, ಹರಣಶಿಕಾರಿಗಳೆಂದು ದಾಖಲಾದ ಕುಟುಂಬಗಳು ಬೇಲಿಯೊಳಗೆ ಹಾಜರಿ ಹೇಳಿ ಗಿರಣಿಗೆ ಹೊರಡುತ್ತಿದ್ದವು, ಪಾಳಿ ಮುಗಿದ ಮೇಲೆ ಬೇಲಿಗೆ ಮರಳುತ್ತಿದ್ದವು. ಪರವಾನಗಿಯಿಲ್ಲದೆ ಊರು ಬಿಡುವುದು ಅಪರಾಧ. ಕೂಲಿಗಾರನು ತನ್ನ ದುಡಿಮೆಯನ್ನು ಬೇಕಾದಲ್ಲಿ ಮಾರಿಕೊಳ್ಳುವ ಸ್ವತಂತ್ರ ವ್ಯಕ್ತಿ ಎಂಬ ಕೈಗಾರಿಕಾ ಅರ್ಥಶಾಸ್ತ್ರದ ಮೂಲ ಕಲ್ಪನೆ ಸೊಲ್ಲಾಪುರದ ಈ ಭಾಗಕ್ಕೆ ಅನ್ವಯಿಸುವುದಿಲ್ಲ.

ಕನ್ನಡದ ಸಂಶೋಧನೆಗೆ ಇಲ್ಲಿ ಒಂದು ನೇರವಾದ ಹೊಣೆಯಿದೆ. ಈ ಸಮುದಾಯಗಳಲ್ಲಿ ಹಲವರ ಮನೆಮಾತು ಕನ್ನಡವಲ್ಲ, ತೆಲುಗಿಗೋ ತಮಿಳಿಗೋ ಹತ್ತಿರದ ನುಡಿಗಳು. ಆದರೆ ಅವರ ಅಲೆದಾಟದ ನೆಲ ಮುಂಬಯಿ ಕರ್ನಾಟಕ, ಸಂತೆಯ ಭಾಷೆ ಕನ್ನಡ. ‘ಗಡಿನಾಡ ಕನ್ನಡಿಗ’ ಎಂಬ ಹೆಸರಿನಡಿ ಅವರನ್ನು ಯಾರೂ ಎಣಿಸಿಲ್ಲ. ಲಿಂಗಾಯತ ಪೇಟೆಯ ಮನೆತನ, ಮಠ, ಶಾಲೆಗಳಿಗೆ ದೊರೆತ ಗಮನದ ಒಂದಂಶವೂ ವಸಾಹತಿಗೆ ದೊರೆತಿಲ್ಲ. ಮುಂಬಯಿ ಪ್ರಾಂತದಲ್ಲಿ ಕಾಯಿದೆ 1949ರಲ್ಲಿ ರದ್ದಾಯಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಗಿರಣಿಯ ಕೆಲಸವೂ ಕ್ಷೀಣಿಸತೊಡಗಿದ ಹೊತ್ತಿಗೆ ಬೇಲಿ ಬಿದ್ದಿತೆಂಬುದನ್ನು ಕಾಕತಾಳೀಯವೆಂದು ಕರೆಯಬಹುದು.

1930ರ ಮೇ ತಿಂಗಳಲ್ಲಿ ಈ ನಗರ ಒಮ್ಮೆ ಇಡೀ ಸಾಮ್ರಾಜ್ಯದ ಕಣ್ಣಿಗೆ ಬಿದ್ದಿತು. ಗಾಂಧೀಜಿಯ ಬಂಧನದ ಸುದ್ದಿ ಬಂದೊಡನೆ ಮೇ 7ರಿಂದ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮರುದಿನ ಗೋಲಿಬಾರು, ಪ್ರತಿಯಾಗಿ ಪೊಲೀಸ್ ಚೌಕಿ, ನ್ಯಾಯಾಲಯಗಳಿಗೆ ಬೆಂಕಿ. ಕೆಲವು ದಿನ ನಗರದಲ್ಲಿ ಸರ್ಕಾರವೇ ಇರಲಿಲ್ಲ. ಮೇ 12ರಿಂದ ಜೂನ್ ಕೊನೆಯವರೆಗೆ ಸೇನಾಡಳಿತ. ಇಬ್ಬರು ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಸಿದ್ಧರಾಮನ ಸಂಕ್ರಾಂತಿ ಜಾತ್ರೆಯ ಹೊಸ್ತಿಲಲ್ಲಿ ಆ ದಿನ ಬಂದಿತ್ತು. ಲಿಂಗಾಯತ, ಮಾರವಾಡಿ, ಮುಸ್ಲಿಂ, ಮರಾಠ ಎಂದು ನಾಲ್ಕು ಹೆಸರುಗಳನ್ನು ಜೋಡಿಸಿ ಸೌಹಾರ್ದದ ಚಿತ್ರ ಬರೆಯುವುದು ರೂಢಿ. ಅದು ಸುಳ್ಳಲ್ಲ. ಆದರೆ ಬೀದಿಗೆ ಇಳಿದ ಸಾವಿರಾರು ಗಿರಣಿಯವರು ಆ ಚೌಕಟ್ಟಿನ ಹೊರಗೆ ಉಳಿದರು. ಕನ್ನಡ ಹೆಸರೊಂದು ರಾಷ್ಟ್ರೀಯ ಚರಿತ್ರೆಗೆ ಪ್ರವೇಶ ಪಡೆದದ್ದು ಗಲ್ಲಿನ ಪಟ್ಟಿಯ ಮೂಲಕ, ಪಗಾರದ ಪಟ್ಟಿಯ ಮೂಲಕವಲ್ಲ.

ಜೂನಿ ಗಿರಣಿ ಮತ್ತೊಮ್ಮೆ ದೇಶದ ಮಾತಾದದ್ದು ಸ್ವಾತಂತ್ರ್ಯದ ನಂತರ. ಆಡಳಿತದ ಅವ್ಯವಸ್ಥೆಯಿಂದ 1949ರ ಆಗಸ್ಟಿನಲ್ಲಿ ಅದು ಬಾಗಿಲು ಮುಚ್ಚಿತು. 1950ರ ಜನವರಿ 9ರಂದು, ಅಂದರೆ ಸಂವಿಧಾನ ಜಾರಿಯಾಗುವ ಎರಡೂವರೆ ವಾರ ಮೊದಲು, ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯೊಂದರಿಂದ ಗಿರಣಿಯ ಆಡಳಿತವನ್ನು ವಹಿಸಿಕೊಂಡಿತು; ಅದೇ ವರ್ಷ ಅದು ಕಾಯಿದೆಯಾಯಿತು. ಅವಶ್ಯ ವಸ್ತುವಿನ ಉತ್ಪಾದನೆ ನಿಂತದ್ದು, ನಿರುದ್ಯೋಗ ಹಬ್ಬಿದ್ದು ಸರ್ಕಾರ ಕೊಟ್ಟ ಕಾರಣಗಳು. ಒಂದೇ ಒಂದು ಕಾರ್ಖಾನೆಗಾಗಿ ಸಂಸತ್ತು ಕಾನೂನು ಮಾಡಿದುದು ಸರಿಯೇ ಎಂದು ಷೇರುದಾರರಾದ ಚರಣಜಿತ್ ಲಾಲ್ ಚೌಧುರಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1950ರ ಡಿಸೆಂಬರಿನಲ್ಲಿ ಅವರ ಅರ್ಜಿ 3–2ರ ಬಹುಮತದಿಂದ ವಜಾ ಆಯಿತು. ಮೂರು ವರ್ಷಗಳ ನಂತರ ಆದ್ಯತಾ ಷೇರುದಾರ ದ್ವಾರಕಾದಾಸ್ ಶ್ರೀನಿವಾಸ್ ಹೂಡಿದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಪರಿಹಾರವಿಲ್ಲದೆ ಕಂಪನಿಯ ಆಸ್ತಿಯನ್ನು ಕಿತ್ತುಕೊಂಡಂತಾಯಿತೆಂದು ಕಾನೂನನ್ನು ಅಸಿಂಧುಗೊಳಿಸಿತು. 1955ರ ನಾಲ್ಕನೆಯ ತಿದ್ದುಪಡಿಯ ಹಿಂದೆ ಈ ತೀರ್ಪೂ ಇದೆ. ಸಾರ್ವಜನಿಕ ಹಿತಕ್ಕಾಗಿ ಸೀಮಿತ ಅವಧಿಗೆ ಆಡಳಿತ ವಹಿಸಿಕೊಳ್ಳುವ ಕಾನೂನುಗಳಿಗೆ ಸಂವಿಧಾನದ 31ಎ ವಿಧಿಯಲ್ಲಿ ರಕ್ಷಣೆ ದೊರೆತದ್ದು ಆಗ. ಅಭಿವೃದ್ಧಿಯ ಹಾದಿ ಹಿಡಿದ ಹೊಸ ಗಣರಾಜ್ಯ ಖಾಸಗಿ ಕಾರ್ಖಾನೆಯ ಮೇಲೆ ತನಗೆಷ್ಟು ಅಧಿಕಾರವಿದೆ ಎಂಬುದನ್ನು ಅಳೆದುಕೊಂಡದ್ದು ಸೊಲ್ಲಾಪುರದ ಅಳತೆಗೋಲಿನಿಂದ. ಕಾನೂನು ಕಾಲೇಜುಗಳಲ್ಲಿ ಈ ಎರಡು ಮೊಕದ್ದಮೆಗಳನ್ನು ಇಂದಿಗೂ ಓದಿಸುತ್ತಾರೆ, ಊರು ಎಲ್ಲಿದೆ ಎಂದು ಕೇಳುವವರು ಕಡಿಮೆ. ವಾದವೆಲ್ಲ ನಡೆದದ್ದು ಷೇರುದಾರನ ಹಕ್ಕಿನ ಸುತ್ತ. ಕೆಲಸ ಕಳೆದುಕೊಂಡವರು ಕಾಯಿದೆಯ ಪೀಠಿಕೆಯಲ್ಲಿ ಸಮುದಾಯದ ಒಂದು ವರ್ಗವೆಂದು ಉಲ್ಲೇಖಗೊಂಡು ಅಲ್ಲಿಗೇ ನಿಂತರು.

ಜೂನಿ ಗಿರಣಿ 1960ರ ದಶಕದಲ್ಲಿ ಶಾಶ್ವತವಾಗಿ ಮುಚ್ಚಿತು, ಶತಮಾನ ಮುಗಿಯುವ ಹೊತ್ತಿಗೆ ಉಳಿದವುಗಳ ಬಹುಪಾಲೂ ಅದೇ ಹಾದಿ ಹಿಡಿದವು. ನಗರದ ನೇಯ್ಗೆ ಮಾತ್ರ ನಿಲ್ಲಲಿಲ್ಲ. ಪದ್ಮಶಾಲಿ ಕಾರ್ಖಾನೆಗಳ ಕೈಮಗ್ಗಗಳು ವಿದ್ಯುತ್ ಮಗ್ಗಗಳಾಗಿ, ಸೀರೆಯಿಂದ ಚಾದರಕ್ಕೂ ಟವೆಲಿಗೂ ಹೊರಳಿದವು. ಸೊಲ್ಲಾಪುರಿ ಚಾದರಕ್ಕೆ 2005ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಗಿರಣಿಗಳಲ್ಲಿ ದುಡಿಯುತ್ತಿದ್ದ ಕನ್ನಡ, ಮರಾಠಿ ಕುಟುಂಬಗಳ ಮುಂದಿನ ತಲೆಮಾರಿಗೆ ಈ ಶೆಡ್ಡುಗಳಲ್ಲಿ ಎಷ್ಟು ಜಾಗ ದೊರೆಯಿತೆಂಬುದು ಜಾತಿಯ ಪ್ರಶ್ನೆಯೂ ಹೌದು, ಏಕೆಂದರೆ ಇಲ್ಲಿ ಕೆಲಸ ಹುಡುಕುವ ದಾರಿ ಜಾಬರನದಲ್ಲ, ನೆಂಟಸ್ತಿಕೆಯದು. ಧನಂಜಯರಾವ್ ಗಾಡಗೀಳರ ನೇತೃತ್ವದ ನಗರ ಅಧ್ಯಯನ 1965ರಲ್ಲಿ ಪುಸ್ತಕವಾಗಿ ಬಂದಿತು. ಕಸಬು, ಜಾತಿ, ವಲಸೆಗಳನ್ನು ಒಟ್ಟಿಗಿಟ್ಟು ಸೊಲ್ಲಾಪುರವನ್ನು ಓದಲು ಬಯಸುವವರು ಅಲ್ಲಿಂದಲೇ ಹೊರಡಬೇಕು. ಕನ್ನಡದಲ್ಲಿ ಅದರ ಪ್ರಸ್ತಾಪ ಅಪರೂಪ.

ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಊರ ಅರವತ್ತೆಂಟು ಲಿಂಗಗಳನ್ನು ಸುತ್ತುತ್ತವೆ. ಅಂದಿನ ಎಣ್ಣೆಯ ಅಭಿಷೇಕಕ್ಕೆ ಸೊಲ್ಲಾಪುರದ ಮರಾಠಿ ಪತ್ರಿಕೆಗಳು ಬಳಸುವ ಪದ ‘ಯಣ್ಣೀಮಜ್ಜನ’. ಅದು ಕನ್ನಡದ ಎಣ್ಣೆಮಜ್ಜನವೇ. ಗುಡಿ ತನ್ನ ಕನ್ನಡವನ್ನು ಇನ್ನೊಂದು ಭಾಷೆಯ ನಾಲಗೆಯ ಮೇಲೂ ಉಳಿಸಿಕೊಂಡಿದೆ. ಎರಡನೆಯ ಪಾಳಿ ಬಿಟ್ಟು ಪೇಟೆಗೆ ಮರಳುತ್ತಿದ್ದವರು ಲಾಳಿಗೆ, ಕಡಿದ ಎಳೆಗೆ, ಮುಕಾದಮನಿಗೆ, ದಂಡಕ್ಕೆ, ಧೂಳು ತುಂಬಿದ ಎದೆಯ ಕೆಮ್ಮಿಗೆ ಏನೆನ್ನುತ್ತಿದ್ದರೆಂಬುದನ್ನು ಹೇಳಬಲ್ಲವರು ಈಗ ಎಂಬತ್ತರ ಆಚೆಗಿದ್ದಾರೆ.